ಯಡಿಯೂರಪ್ಪನವರ ಕೃಷಿ ಮತ್ತು ಜಾನುವಾರು ಕಾಯ್ದೆಗಳು: ಕೊಟ್ಟಿಗೆಯಲ್ಲಿ ನಿಂತು ಓದಿದರೆ ಕಾಣುವುದೇನು?

ಹಳ್ಳಿಕಾರ್ ಜೋಡಿ (ಕುಣಿಗಲ್ ಕಡೆ)

ನಮ್ಮ ಕೊಟ್ಟಿಗೆಯಲ್ಲಿ ಹದಿನಾರು ವರ್ಷದ ಹಳ್ಳಿಕಾರ್ ಎತ್ತೊಂದಿದೆ. ಜೊತೆಯದು ಹೋದ ಬೇಸಿಗೆಯಲ್ಲಿ ತೀರಿಕೊಂಡಿತು. ಉಳಿದಿರುವುದಕ್ಕೆ ನೊಗ ಹೊರುವ ಶಕ್ತಿ ಇಲ್ಲ, ಹಲ್ಲು ಸವೆದಿವೆ, ಬೆಳಿಗ್ಗೆ ಏಳಲು ಇಬ್ಬರು ಕೈ ಕೊಡಬೇಕು. ಅದನ್ನು ಮಾರುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿಲ್ಲ. ಆದರೆ ಅದರ ಮುಂದೆ ರಾಗಿ ಹುಲ್ಲು ಹಾಕುವಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಈ ಎತ್ತಿನ ಹೆಸರಿನಲ್ಲಿ ನಮ್ಮ ವಿಧಾನಮಂಡಲ ಅಷ್ಟೊಂದು ಕೂಗಾಡಿತಲ್ಲ, ಅದರಲ್ಲಿ ಈ ಗೋದಲಿಗೆ ಬಂದದ್ದೇನು?

ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ರೈತ ನಾಯಕ ಎಂಬ ಹೆಸರು ಅವರಿಗೆ ಪುಕ್ಕಟೆ ಬಂದದ್ದಲ್ಲ. ಶಿಕಾರಿಪುರದಲ್ಲಿ ಜೀತದಾಳುಗಳ ಪರ, ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಉಳುತ್ತಿದ್ದ ಬಗರ್ ಹುಕುಂ ಸಾಗುವಳಿದಾರರ ಪರ ಬೀದಿಗಿಳಿದು ಬೆಳೆದವರು ಅವರು. 1983ರಲ್ಲಿ ವಿಧಾನಸಭೆಗೆ ಬಂದರು. 2018ರಲ್ಲಿ ಹಸಿರು ಶಾಲು ಹೊದ್ದು ದೇವರ ಜೊತೆಗೆ ರೈತರ ಹೆಸರನ್ನೂ ಹೇಳಿ ಪ್ರಮಾಣವಚನ ಸ್ವೀಕರಿಸಿದರು. 2011ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದವರೂ ಅವರೇ. ಇಂಥವರ ಶಾಸನಗಳನ್ನು ಗಂಭೀರವಾಗಿಯೇ ಓದಬೇಕು.

ನನ್ನನ್ನು ಬಿಡದೆ ಕಾಡುವುದು 2020ರ ಡಿಸೆಂಬರ್‌ನ ಎರಡು ದಿನಗಳು. 8ನೇ ತಾರೀಕು ಭೂಸುಧಾರಣಾ ತಿದ್ದುಪಡಿ ಮಸೂದೆ ವಿಧಾನ ಪರಿಷತ್ತಿನಲ್ಲಿ ಅಂಗೀಕಾರವಾಯಿತು. ಮರುದಿನ, 9ನೇ ತಾರೀಕು, ಗೋಹತ್ಯೆ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಮೊದಲನೆಯದು ಹೇಳಿತು: ರೈತನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದು, ರೈತ ತನ್ನ ಹೊಲವನ್ನು ಯಾರಿಗೆ ಬೇಕಾದರೂ ಮಾರಬಹುದು. ಎರಡನೆಯದು ಹೇಳಿತು: ನಿನ್ನ ಎತ್ತು ಮುದಿಯಾದರೂ ಅದು ತಾನಾಗಿಯೇ ಸಾಯುವ ತನಕ ಉಳಿಯಬೇಕು. ನೆಲವನ್ನು ರೈತನ ಕೈಯಿಂದ ಸಡಿಲಿಸುವ ಕಾಯ್ದೆ ಒಂದು, ದನವನ್ನು ರೈತನ ಕೈಗೆ ಬಿಗಿಯಾಗಿ ಕಟ್ಟುವ ಕಾಯ್ದೆ ಇನ್ನೊಂದು. ಹೊಲ ಹೋದ ಮೇಲೆ ದನಕ್ಕೆ ಹುಲ್ಲು ಎಲ್ಲಿಂದ ಬರಬೇಕು ಎಂದು ಆ ಎರಡು ದಿನಗಳಲ್ಲಿ ಯಾರಾದರೂ ಕೇಳಿದರೇ?

ಪಕ್ಷದ ಜಗಳ ನನಗೆ ಬೇಕಿಲ್ಲ. ತಿಳಿದವರು ಬರೆಯಿರಿ.

ಶಿಕಾರಿಪುರದ ಓದುಗ

ಒಳ್ಳೆಯ ಪ್ರಶ್ನೆ. ಆದರೆ ಲೆಕ್ಕ ಹಾಕುವಾಗ ಒಂದು ಕಡೆಯನ್ನು ಮಾತ್ರ ಹಿಡಿದಿದ್ದೀರಿ ಎಂದು ನನ್ನ ಅನಿಸಿಕೆ.

2008ರಲ್ಲಿ ಅಧಿಕಾರಕ್ಕೆ ಬಂದ ಮೇಲೆ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಟ್ಟರು. ಹಾಲು ಉತ್ಪಾದಕರಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರುವಾದದ್ದೂ ಆಗಲೇ. ಮುಂದೆ ಸಿದ್ದರಾಮಯ್ಯನವರ ಸರ್ಕಾರ ಅದನ್ನು 4ಕ್ಕೆ, ಆಮೇಲೆ 5ಕ್ಕೆ ಏರಿಸಿತು, ನಿಜ, ಆದರೆ ದಾರಿ ತೆರೆದವರು ಯಾರು? 2011ರ ಬಜೆಟ್ಟಿನಲ್ಲಿ ಸಹಕಾರಿ ಬೆಳೆ ಸಾಲದ ಬಡ್ಡಿಯನ್ನು ಶೇಕಡ 1ಕ್ಕೆ ಇಳಿಸಿದರು. ನಮ್ಮ ತಂದೆ ಸೊಸೈಟಿಯಿಂದ ಆ ಬಡ್ಡಿಗೆ ಸಾಲ ತಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ನಾನು ಆಗ ಕಾಲೇಜಿನಲ್ಲಿದ್ದೆ, ಚೆನ್ನಾಗಿ ನೆನಪಿದೆ.

ಇನ್ನು ಭೂಸುಧಾರಣಾ ಕಾಯ್ದೆಯಿಂದ 2020ರಲ್ಲಿ ತೆಗೆದುಹಾಕಿದ 79ಎ ಮತ್ತು 79ಬಿ. ಆ ಕಲಮುಗಳು ಇದ್ದಾಗ ಹಣವಂತರು ಜಮೀನು ಕೊಳ್ಳುತ್ತಲೇ ಇರಲಿಲ್ಲವೇ? ಕೊಳ್ಳುತ್ತಿದ್ದರು. ಎಲ್ಲೋ ಒಂದು ಪಹಣಿ ತೋರಿಸಿ, ದೂರದ ನೆಂಟರ ಹೆಸರು ಹಾಕಿ ಕೊಳ್ಳುತ್ತಿದ್ದರು. ನೋಟಿಸು, ವಿಚಾರಣೆ, ವಸೂಲಿ ಎಂದು ಕಚೇರಿಯವರ ಜೇಬು ತುಂಬುತ್ತಿತ್ತು. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಅರ್ಧ ಎಕರೆ ಮಾರಲು ಹೊರಟ ಬಡ ರೈತನಿಗೆ ಮಾತ್ರ ಕೊಳ್ಳುವವರು ಊರೊಳಗಿನ ಒಬ್ಬಿಬ್ಬರೇ. ಅವರು ಹೇಳಿದ್ದೇ ಬೆಲೆ. ಆ ಬಾಗಿಲನ್ನು ತೆರೆದದ್ದು ತಪ್ಪು ಎಂದು ನಾನು ಒಪ್ಪುವುದಿಲ್ಲ.

ಕಾನೂನು ವಿದ್ಯಾರ್ಥಿನಿ

ಚರ್ಚೆ ಮುಂದುವರಿಯುವ ಮೊದಲು ಕಾಯ್ದೆಯಲ್ಲಿ ಇರುವುದನ್ನು ಮೇಜಿನ ಮೇಲೆ ಇಡುತ್ತೇನೆ. ಬಹಳಷ್ಟು ಕಡೆ ಗಾಳಿಮಾತೇ ಓಡಾಡುತ್ತಿದೆ.

ಭೂಮಿಯ ವಿಷಯ. 1961ರ ಭೂಸುಧಾರಣಾ ಕಾಯ್ದೆಗೆ ಜೀವ ಬಂದದ್ದು ದೇವರಾಜ ಅರಸು ಅವರ ಕಾಲದ ತಿದ್ದುಪಡಿಯಿಂದ. ಅದು 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿದಾರ ಒಡೆಯನಾದ. ಆ ನೆಲ ಮತ್ತೆ ಉಳ್ಳವರ ಕೈಗೆ ಜಾರದಂತೆ ಹಾಕಿದ ಬೇಲಿಯೇ 79ಎ, 79ಬಿ ಮತ್ತು 80. ಕೃಷಿಯೇತರ ಆದಾಯ ಮಿತಿ ಮೀರಿದವರು ಕೊಳ್ಳಬಾರದು ಎನ್ನುವುದು ಎ. ಸ್ವತಃ ಸಾಗುವಳಿ ಮಾಡದವರು ಹೊಂದಿರಬಾರದು ಎನ್ನುವುದು ಬಿ. ಈ ಬೇಲಿಯನ್ನು ಮೊದಲು ಸಡಿಲಿಸಿದವರು ಯಡಿಯೂರಪ್ಪ ಅಲ್ಲ ಎನ್ನುವುದನ್ನೂ ಹೇಳಬೇಕು. 2015ರಲ್ಲಿ ಸಿದ್ದರಾಮಯ್ಯ ಸರ್ಕಾರವೇ ಆದಾಯ ಮಿತಿಯನ್ನು 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿತ್ತು. 2020ರಲ್ಲಿ ಬೇಲಿಯನ್ನೇ ಕಿತ್ತರು. ಬಾಕಿ ಇದ್ದ ಪ್ರಕರಣಗಳೂ ಅದರೊಂದಿಗೆ ಬಿದ್ದುಹೋದವು. ಪರಿಷತ್ತಿನಲ್ಲಿ ಅದು ಗೆದ್ದದ್ದು ಜೆಡಿಎಸ್ ಬೆಂಬಲದಿಂದ.

ಜಾನುವಾರಿನ ವಿಷಯ. 1964ರ ಹಳೆಯ ಕಾಯ್ದೆ ಹಸು ಮತ್ತು ಅದರ ಕರುವಿನ ವಧೆಯನ್ನು ಆಗಲೇ ನಿಷೇಧಿಸಿತ್ತು. ಎತ್ತು, ಹೋರಿ, ಎಮ್ಮೆ, ಕೋಣಗಳನ್ನು 12 ವರ್ಷ ದಾಟಿದ್ದರೆ ಅಥವಾ ಕೆಲಸಕ್ಕೆ ಬಾರದಂತಾಗಿದ್ದರೆ ಪ್ರಮಾಣಪತ್ರ ಪಡೆದು ವಧೆ ಮಾಡಬಹುದಿತ್ತು. ಶಿಕ್ಷೆ ಆರು ತಿಂಗಳವರೆಗೆ ಸಜೆ, 1,000 ರೂಪಾಯಿವರೆಗೆ ದಂಡ. ಹೊಸ ಕಾಯ್ದೆಯಲ್ಲಿ ಹಸು, ಕರು, ಹೋರಿ, ಎತ್ತುಗಳಿಗೆ ವಯಸ್ಸಿನ ಮಾತೇ ಇಲ್ಲ, ಸಂಪೂರ್ಣ ನಿಷೇಧ. 13 ವರ್ಷದೊಳಗಿನ ಎಮ್ಮೆ, ಕೋಣಗಳಿಗೂ ನಿಷೇಧ. ಶಿಕ್ಷೆ 3ರಿಂದ 7 ವರ್ಷ, ದಂಡ 50,000ದಿಂದ 5 ಲಕ್ಷ. ಮತ್ತೆ ಮಾಡಿದರೆ ದಂಡ 10 ಲಕ್ಷದವರೆಗೆ ಹೋಗುತ್ತದೆ.

ಇದು ಯಡಿಯೂರಪ್ಪನವರ ಎರಡನೇ ಪ್ರಯತ್ನ. 2010ರಲ್ಲಿ ಇಂಥದ್ದೇ ಮಸೂದೆ ತಂದಿದ್ದರು. ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅದನ್ನು ರಾಷ್ಟ್ರಪತಿಗಳಿಗಾಗಿ ಕಾಯ್ದಿರಿಸಿದರು. ಅಂಕಿತ ಬರಲೇ ಇಲ್ಲ. ಎರಡನೇ ಸಲ ಪಶುಸಂಗೋಪನಾ ಸಚಿವ ಪ್ರಭು ಚವ್ಹಾಣ್ ಮಂಡಿಸಿದರು. ಪರಿಷತ್ತಿನಲ್ಲಿ ಬಹುಮತ ಕಷ್ಟವಾದಾಗ 2021ರ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು, ಫೆಬ್ರವರಿ 8ರಂದು ಪರಿಷತ್ತಿನಲ್ಲಿ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾಯಿತು. ಯಾವ ಕಡೆಗೇ ವಾಲಿದವರಾದರೂ ಒಂದು ಮಾತನ್ನು ಒಪ್ಪಬೇಕು: ಇಷ್ಟು ದೊಡ್ಡ ಕಾಯ್ದೆಗೆ ಸಾವಧಾನದ ಚರ್ಚೆ ಸಿಗಲಿಲ್ಲ.

ಶೃಂಗೇರಿ ಸೀಮೆ

ನಾನು ಈ ಕಾಯ್ದೆಯ ಪರ. ಏಕೆಂದು ಹೇಳುತ್ತೇನೆ, ದಯವಿಟ್ಟು ಕೋಮುವಾದಿ ಎಂಬ ಹಣೆಪಟ್ಟಿ ಹಚ್ಚುವ ಮೊದಲು ಓದಿ.

ನಮ್ಮ ಮನೆ ಒಂಟಿ ಮನೆ. ಮಲೆನಾಡು ಗಿಡ್ಡ ತಳಿಯ ದನಗಳು, ಹಗಲು ಗುಡ್ಡಕ್ಕೆ ಹೋಗಿ ಸಂಜೆ ತಾವೇ ಬರುತ್ತವೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ವಾಹನ ತಂದು ಕೊಟ್ಟಿಗೆಯಿಂದ ಮೂರು ಹಸು ಎಳೆದುಕೊಂಡು ಹೋದರು. ಒಂದು ಗಬ್ಬದ್ದು. ನಮ್ಮ ಅತ್ತೆ ಬಾಗಿಲು ತೆರೆಯಲು ಹೋದರೆ ಮಚ್ಚು ತೋರಿಸಿದರು. ದೂರು ಕೊಟ್ಟರೆ ಏನಾಯಿತು? ಸಿಕ್ಕರೂ ಜಾಮೀನು, 1,000 ರೂಪಾಯಿ ದಂಡ. ಬೆಳಗಾದರೆ ಮತ್ತೊಂದು ಕೊಟ್ಟಿಗೆ. ಅತ್ತೆ ಆಮೇಲೆ ಎಷ್ಟೋ ತಿಂಗಳು ಕೊಟ್ಟಿಗೆಯ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದರು. ಗಟ್ಟಿಯಾದ ಶಿಕ್ಷೆ ಬೇಕು ಎಂದು ನಾವು ಕೇಳಿದ್ದು ಯಾರ ಧರ್ಮದ ಮೇಲಿನ ಸಿಟ್ಟಿನಿಂದಲೂ ಅಲ್ಲ, ನಮ್ಮ ಹಸು ನಮಗೆ ಬೇಕಾದ್ದರಿಂದ.

ಹಳ್ಳಿಕಾರ್ ಜೋಡಿ (ಕುಣಿಗಲ್ ಕಡೆ)

ಅಕ್ಕ, ನಿಮ್ಮ ಅತ್ತೆಯವರ ಸಂಕಟ ಓದಿ ಮನಸ್ಸು ಕಲಕಿತು. ಕಳ್ಳತನಕ್ಕೆ ಕಠಿಣ ಶಿಕ್ಷೆ ಬೇಡ ಎನ್ನುವವನು ನಾನಲ್ಲ. ಆದರೆ ಕದ್ದ ದನಕ್ಕೂ, ಸಂತೆಯಲ್ಲಿ ರೈತನೇ ಮಾರಿದ ದನಕ್ಕೂ ಕಾಯ್ದೆ ಒಂದೇ ಅಳತೆ ಹಿಡಿದಿದೆಯಲ್ಲ ಎನ್ನುವುದೇ ನನ್ನ ತಕರಾರು. ಕಳ್ಳನ ಮೇಲೆ ಬಿದ್ದ ಭಯ ನನ್ನ ಮೇಲೂ ಬಿದ್ದಿದೆ. ಹೋದ ಸಲ ಘಾಟಿ ಜಾತ್ರೆಯಿಂದ ನಮ್ಮೂರಿನವರೊಬ್ಬರು ನಾಲ್ಕು ಹಲ್ಲಿನ ಜೋಡಿ ತರುವಾಗ ದಾರಿಯಲ್ಲಿ ಯುವಕರ ಗುಂಪೊಂದು ಗಾಡಿ ನಿಲ್ಲಿಸಿತು. ಉಳುವ ಎತ್ತು ಎಂದು ನಂಬಿಸಲು ಒಂದು ಗಂಟೆ ಬೇಕಾಯಿತು. ಕೃಷಿಗಾಗಿ ಸಾಗಿಸಬಹುದು ಎಂದು ಕಾಯ್ದೆಯಲ್ಲೇ ಇದೆ. ಆದರೆ ರಾತ್ರಿ ಹೊತ್ತು ರಸ್ತೆಯಲ್ಲಿ ಆ ಕಾಯ್ದೆಯನ್ನು ಓದಿ ಹೇಳುವವರು ಯಾರು?

ಡೇರಿ ಕಾರ್ಯದರ್ಶಿ

ಇಪ್ಪತ್ತೆರಡು ವರ್ಷದಿಂದ ಹಾಲು ಅಳೆಯುತ್ತಿದ್ದೇನೆ. ಯಾರೂ ಬಾಯಿ ಬಿಡದ ಒಂದು ವಿಷಯ ಹೇಳಬೇಕು.

ಎಚ್‌ಎಫ್ ಎಂಬ ವಿದೇಶಿ ಹಾಲಿನ ತಳಿಯ ಗಂಡು ಕರು. ಹಳ್ಳಿಕಾರ್ ಗಂಡು ಕರು ಹುಟ್ಟಿದರೆ ಮನೆಗೆ ಲಕ್ಷ್ಮಿ ಬಂದಂತೆ, ಬೆಳೆಸಿ ಜಾತ್ರೆಗೆ ಕಟ್ಟುತ್ತಾರೆ. ಎಚ್‌ಎಫ್ ಗಂಡು ಕರುವಿಗೆ ಡುಬ್ಬವೇ ಇಲ್ಲ, ನೊಗ ನಿಲ್ಲುವುದಿಲ್ಲ, ನಮ್ಮ ಬಿಸಿಲು ತಡೆಯುವುದಿಲ್ಲ. ಅದು ಕುಡಿಯುವ ಹಾಲು ಡೇರಿಗೆ ಬರಬೇಕಾದ ಹಾಲು. ಮೊದಲು ಯಾರೋ ಬಂದು ಐನೂರೋ ಸಾವಿರವೋ ಕೊಟ್ಟು ಒಯ್ಯುತ್ತಿದ್ದರು, ಎಲ್ಲಿಗೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಈಗ ಒಯ್ಯುವವರು ಬರುವುದಿಲ್ಲ, ಬಂದರೂ ಕದ್ದುಮುಚ್ಚಿ. ಹಾಗಾದರೆ ಕರು ಬದುಕಿತೇ? ಗಿಣ್ಣದ ಹಾಲನ್ನೂ ಸರಿಯಾಗಿ ಕುಡಿಸದೆ ಬಿಟ್ಟ ಕರು ಹತ್ತು ದಿನದಲ್ಲಿ ಬೇಧಿಯಾಗಿ ಸಾಯುತ್ತದೆ. ಇಲ್ಲವೇ ರಾತ್ರಿ ಪಟ್ಟಣದ ಹೊರಗಿನ ರಸ್ತೆಯಲ್ಲಿ ಬಿಟ್ಟು ಬರುತ್ತಾರೆ. ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಪ್ಲಾಸ್ಟಿಕ್ ಅಗಿಯುತ್ತಾ ನಿಂತಿರುತ್ತದೆ. ಇದಕ್ಕೆ ಯಾವ ಕಲಮಿನಲ್ಲೂ ಏಳು ವರ್ಷ ಸಜೆ ಇಲ್ಲ.

ನಾನು ಕಾಯ್ದೆಯ ವಿರೋಧಿಯಲ್ಲ. ನಮ್ಮ ಮನೆಯಲ್ಲೂ ದೀಪಾವಳಿಗೆ ಹಸುವಿಗೆ ಪೂಜೆ ಆಗುತ್ತದೆ. ಆದರೆ ವಧೆ ನಿಂತರೆ ಪ್ರಾಣಿ ಸುಖವಾಗಿರುತ್ತದೆ ಎಂದು ನಂಬಿ ಕುಳಿತವರು ಒಂದು ದಿನ ನನ್ನ ಜೊತೆ ಬೆಳಿಗ್ಗೆ ಐದಕ್ಕೆ ಊರು ಸುತ್ತಲಿ.

ನಿವೃತ್ತ ಪಶುವೈದ್ಯ

ಕಾರ್ಯದರ್ಶಿಗಳು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬಿಸಿಲಿನ ಹೊಲದಿಂದ ಕೊಟ್ಟಿಗೆಯವರೆಗೆ ಮೂರು ದಶಕ ಇದನ್ನೇ ಕಂಡವನು ನಾನು.

ಅಂಕಿ ಅಂಶ ಬೇಕಾದವರಿಗೆ: 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ದನಗಳು ಸುಮಾರು 95 ಲಕ್ಷ. 2019ರ ಗಣತಿಯಲ್ಲಿ ಸುಮಾರು 85 ಲಕ್ಷ. ಎಮ್ಮೆಗಳೂ 35 ಲಕ್ಷದ ಆಸುಪಾಸಿನಿಂದ 30 ಲಕ್ಷದ ಹತ್ತಿರಕ್ಕೆ ಇಳಿದವು. ಇದೆಲ್ಲ ಹೊಸ ಕಾಯ್ದೆ ಬರುವ ಮೊದಲಿನ ಲೆಕ್ಕ, ಆದ್ದರಿಂದ ಕಾಯ್ದೆಯ ತಲೆಗೆ ಕಟ್ಟಲಾಗದು. ಆದರೆ ಒಂದು ಮಾತು ಗಮನಿಸಬೇಕು. ದನ ಕಡಿಮೆಯಾಗಲು ಕಟುಕರೊಬ್ಬರೇ ಕಾರಣ ಎಂದು ಭಾಷಣ ಮಾಡುವವರು ಟ್ರ್ಯಾಕ್ಟರನ್ನು, ಟಿಲ್ಲರನ್ನು, ಮೇಯಿಸುವ ಆಳಿಲ್ಲದ್ದನ್ನು, ಊರ ದನ ಮೇಯಲು ಬಿಟ್ಟ ಗೋಮಾಳ ಇಲ್ಲದ್ದನ್ನು ಮರೆಯುತ್ತಾರೆ.

ಗೋಮಾಳದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ, ಏಕೆಂದರೆ ನಿಜವಾದ ಪ್ರಾಣಿ ಕಲ್ಯಾಣ ಕಾಯ್ದೆ ಅಲ್ಲೇ ಇತ್ತು. ಭೂಕಂದಾಯ ನಿಯಮಗಳ ಪ್ರಕಾರ ಒಂದು ಊರಿನಲ್ಲಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಾನು ಕೆಲಸ ಮಾಡಿದ ಎಷ್ಟೋ ಊರುಗಳಲ್ಲಿ ಪಹಣಿಯಲ್ಲಿ ಗೋಮಾಳ ಇತ್ತು, ನೆಲದ ಮೇಲೆ ಇರಲಿಲ್ಲ. ಸ್ವಲ್ಪ ಭಾಗ ಆಶ್ರಯ ಮನೆಗಳಿಗೆ, ಸ್ವಲ್ಪ ಶಾಲೆಗೆ, ಸ್ಮಶಾನಕ್ಕೆ, ಸ್ವಲ್ಪ ಕಲ್ಲುಗಣಿಗೆ ಹೋಯಿತು. ದೊಡ್ಡ ಭಾಗ ಬಗರ್ ಹುಕುಂ. ನಮೂನೆ 50, ನಮೂನೆ 53, ನಮೂನೆ 57 ಎಂದು ಮೂರು ಸುತ್ತು ಸಕ್ರಮಕ್ಕೆ ಅರ್ಜಿ ಕರೆದರು. ಭೂಮಿ ಇಲ್ಲದವನಿಗೆ ಎರಡು ಎಕರೆ ಕೊಡುವುದು ನ್ಯಾಯ. ಯಡಿಯೂರಪ್ಪನವರು ಆ ನ್ಯಾಯಕ್ಕಾಗಿ ಹೋರಾಡಿದ್ದು ಅವರ ಬದುಕಿನ ಶ್ರೇಷ್ಠ ಕೆಲಸಗಳಲ್ಲೊಂದು ಎಂದೇ ನಾನು ಎಣಿಸುತ್ತೇನೆ. ಆದರೆ ಹಾಗೆ ಕೊಟ್ಟ ಪ್ರತಿ ಎಕರೆಯಿಂದ ಮೂರು ದನ ಹೊರಗೆ ಬಿದ್ದವು. ಅವುಗಳಿಗೆ ಬದಲಿ ಮೇವಿನ ವ್ಯವಸ್ಥೆಯನ್ನು ಯಾವ ಸರ್ಕಾರವೂ ಕಾಯ್ದೆಯಲ್ಲಿ ಬರೆಯಲಿಲ್ಲ. ಇವರೂ ಬರೆಯಲಿಲ್ಲ.

ಶಿಕಾರಿಪುರದ ಓದುಗ

ಡಾಕ್ಟರೇ, ಗೋಶಾಲೆಗಳನ್ನು ಬಿಟ್ಟುಬಿಟ್ಟಿರಲ್ಲ? ಜಿಲ್ಲೆಗೊಂದು ಗೋಶಾಲೆ ಎಂದು ಆ ಸರ್ಕಾರ ತೀರ್ಮಾನಿಸಿತ್ತು. ಬೊಮ್ಮಾಯಿಯವರ ಕಾಲದಲ್ಲಿ, 2022ರಲ್ಲಿ, ಪುಣ್ಯಕೋಟಿ ದತ್ತು ಯೋಜನೆ ಬಂತು. ವರ್ಷಕ್ಕೆ 11,000 ರೂಪಾಯಿ ಕೊಟ್ಟು ಯಾರು ಬೇಕಾದರೂ ಒಂದು ರಾಸನ್ನು ದತ್ತು ತೆಗೆದುಕೊಳ್ಳಬಹುದು. ಚರ್ಮಗಂಟು ರೋಗ ಬಂದಾಗ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಪರಿಹಾರ ಕೊಟ್ಟರು. ಇದೆಲ್ಲ ಕಾಳಜಿಯೇ ಅಲ್ಲವೇ?

ನಿವೃತ್ತ ಪಶುವೈದ್ಯ

ಕಾಳಜಿಯೇ. ಪರಿಹಾರದ ಹಣ ಬಂದ ಮನೆಗಳನ್ನು ಕಂಡಿದ್ದೇನೆ, ಆ ಹೊತ್ತಿಗೆ ಅದು ದೊಡ್ಡ ಆಸರೆ. ಆದರೆ ನೀವೇ ಕೊಟ್ಟ ಅಂಕಿಯನ್ನು ತಿರುಗಿಸಿ ನೋಡಿ. 11,000ವನ್ನು 365ರಿಂದ ಭಾಗಿಸಿದರೆ ದಿನಕ್ಕೆ 30 ರೂಪಾಯಿ. ಒಂದು ದೊಡ್ಡ ರಾಸಿಗೆ ಒಣ ಹುಲ್ಲು, ಹಸಿ ಮೇವು, ಒಂದಿಷ್ಟು ಬೂಸ ಎಂದರೆ ಆ ದುಡ್ಡಿನಲ್ಲಿ ಅರ್ಧ ಹೊಟ್ಟೆಯೂ ತುಂಬುವುದಿಲ್ಲ. ಮೇಲಾಗಿ ಯೋಜನೆ ಎನ್ನುವುದು ಆಯಾ ವರ್ಷದ ಬಜೆಟ್ಟಿನ ಕೂಸು. ಸರ್ಕಾರ ಬದಲಾದರೆ ಹೆಸರು ಬದಲಾಗುತ್ತದೆ, ಹಣ ನಿಲ್ಲುತ್ತದೆ. ಶಿಕ್ಷೆಯನ್ನು ಕಾಯ್ದೆಯಲ್ಲಿ ಬರೆದವರು ಮೇವನ್ನೂ ಕಾಯ್ದೆಯಲ್ಲೇ ಬರೆಯಬೇಕಿತ್ತು. ನನ್ನ ಕೊರಗು ಇಷ್ಟೇ.

ರಾಯಚೂರು ಬಯಲು

ನಮ್ಮ ಕಡೆಯ ಮಾತು. ಭೂಮಿ ಇಲ್ಲದವರ ಮನೆಯಿಂದ ಬರೆಯುತ್ತಿದ್ದೇನೆ.

ಮುದಿ ಎತ್ತು ಮಾರಿದ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ ಹೊಸ ಎತ್ತು ತರುವುದು ನಮ್ಮ ಒಣ ಬೇಸಾಯದ ಸಣ್ಣ ರೈತರ ಹಳೆಯ ರೂಢಿ. ಅದು ಅವರ ವಿಮೆ, ಅವರ ಬ್ಯಾಂಕು. ಆ ಕೊಂಡಿ ಕಡಿದ ಮೇಲೆ ನಮ್ಮ ಓಣಿಯಲ್ಲಿ ಎತ್ತು ಸಾಕುವವರೇ ಕಡಿಮೆಯಾದರು. ಬಾಡಿಗೆ ಟ್ರ್ಯಾಕ್ಟರಿಗೆ ಹೋದರು. ಹೀಗೆ ಎತ್ತನ್ನು ಉಳಿಸಲು ಬಂದ ಕಾಯ್ದೆಯಿಂದಲೇ ಎತ್ತು ಸಾಕುವ ಧೈರ್ಯ ಹೋಯಿತು. ಇನ್ನು ಅದೇ ಮಾಂಸ ಅಗ್ಗದ ಊಟವಾಗಿದ್ದ ಮನೆಗಳು, ಚರ್ಮದ ಕೆಲಸದಿಂದ ಬದುಕಿದ್ದ ಮನೆಗಳು ನಮ್ಮಲ್ಲಿ ಇವೆ. ಸದನದ ಚರ್ಚೆಯಲ್ಲಿ ಅವರ ಹೆಸರು ಬಂದದ್ದು ಅಪರಾಧಿಗಳ ಸಾಲಿನಲ್ಲಿ ಮಾತ್ರ. ಅದು ನೋಯಿಸುತ್ತದೆ.

ಇನ್ನೊಂದು. ರೈತ ನಾಯಕ ಎನ್ನುವಾಗ 2008ರ ಜೂನ್ ತಿಂಗಳ ಹಾವೇರಿಯನ್ನೂ ನೆನಪಿಡಿ. ರಸಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ನಡೆದು ಜೀವ ಹೋಯಿತು. ಅವರ ಸರ್ಕಾರಕ್ಕೆ ಆಗ ತಿಂಗಳೂ ತುಂಬಿರಲಿಲ್ಲ.

ಶೃಂಗೇರಿ ಸೀಮೆ

ಗೊಬ್ಬರದ ಕೊರತೆಗೆ ಅವರೊಬ್ಬರೇ ಹೊಣೆಯೇ ಎಂದು ವಾದಿಸಬಹುದು. ಆದರೆ ಸತ್ತವರ ಮುಂದೆ ಆ ವಾದ ಮಾಡಲು ನನಗೆ ಮನಸ್ಸಿಲ್ಲ. ಎತ್ತು ಮಾರಿ ಎತ್ತು ತರುವ ವಿಷಯವನ್ನು ನಾನು ಹೀಗೆ ಯೋಚಿಸಿರಲಿಲ್ಲ. ನಮ್ಮಲ್ಲಿ ಅಡಿಕೆ ತೋಟ, ಗೊಬ್ಬರಕ್ಕಾಗಿಯೇ ದನ ಸಾಕುತ್ತೇವೆ, ಮುದಿಯಾದರೂ ಸಗಣಿ ಬರುತ್ತದೆ. ಬಯಲುಸೀಮೆಯ ಲೆಕ್ಕ ಬೇರೆ ಎನ್ನುವುದು ಈಗ ತಿಳಿಯಿತು.

ಕಾನೂನು ವಿದ್ಯಾರ್ಥಿನಿ

ಇಲ್ಲಿಯವರೆಗಿನ ಮಾತುಗಳು ನನ್ನನ್ನು ಇನ್ನೊಂದು ಕಾಯ್ದೆಯ ಕಡೆ ನೂಕುತ್ತಿವೆ. ನಾವೆಲ್ಲರೂ ವಧೆಯ ಸುತ್ತಲೇ ತಿರುಗುತ್ತಿದ್ದೇವೆ. ಪ್ರಾಣಿಯ ಬದುಕಿನ ಕಾಯ್ದೆ ಯಾವುದು?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿ, ಭೂಮಿ, ಜಾನುವಾರು ಸಂರಕ್ಷಣೆ ಇವು ರಾಜ್ಯ ಪಟ್ಟಿಯಲ್ಲಿವೆ. ಗೋಹತ್ಯೆ ನಿಷೇಧ ಕಾಯ್ದೆಯನ್ನು ರಾಜ್ಯ ಮಾಡುವುದು ಹಾಗೆಯೇ. 1958ರಲ್ಲಿ ಸುಪ್ರೀಂ ಕೋರ್ಟ್ ಕೆಲಸಕ್ಕೆ ಬಾರದ ಎತ್ತು, ಹೋರಿಗಳ ವಧೆಗೆ ಸಂಪೂರ್ಣ ನಿಷೇಧ ಸಲ್ಲದು ಎಂದಿತ್ತು. 2005ರಲ್ಲಿ ಗುಜರಾತಿನ ಕಾಯ್ದೆಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ಬದಲಿಸಿತು. ನಮ್ಮ 2020ರ ಕಾಯ್ದೆ ನಿಂತಿರುವುದು ಆ ನೆಲದ ಮೇಲೆ. ಆದರೆ ಪ್ರಾಣಿ ಹಿಂಸೆ ತಡೆ ಎನ್ನುವುದು ಸಮವರ್ತಿ ಪಟ್ಟಿಯಲ್ಲಿದೆ. ಅಲ್ಲಿ ಕೇಂದ್ರದ 1960ರ ಕಾಯ್ದೆಯೇ ಮುಖ್ಯ. ರಾಜ್ಯ ಅದನ್ನು ತಿದ್ದಬಹುದು, ರಾಷ್ಟ್ರಪತಿಗಳ ಅಂಕಿತ ಬೇಕು.

ಆ 1960ರ ಕಾಯ್ದೆಯಲ್ಲಿ, ಪ್ರಾಣಿಯನ್ನು ಹೊಡೆಯುವುದು, ಅತಿ ಹೊರೆ ಹೊರಿಸುವುದು, ಗಾಯಗೊಂಡದ್ದನ್ನು ದುಡಿಸುವುದು, ಮೇವು ನೀರು ಕೊಡದೆ ಕಟ್ಟಿಹಾಕುವುದು, ಬೀದಿಗೆ ಬಿಡುವುದು, ಇವುಗಳಿಗೆ ಮೊದಲ ಸಲ ಬರೆದ ದಂಡ 10 ರೂಪಾಯಿಯಿಂದ 50 ರೂಪಾಯಿ. ಕೊಲ್ಲುವುದಕ್ಕೆ, ಅಂಗ ಊನ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆ ಶಿಕ್ಷೆ ಇದೆ. ಆದರೆ ದಿನದಿನದ ಹಿಂಸೆಯ ಬೆಲೆ ಐವತ್ತು ರೂಪಾಯಿ. ಅದೇ ಎತ್ತನ್ನು ವಧೆಗೆ ಕೊಟ್ಟರೆ ಐವತ್ತು ಸಾವಿರದಿಂದ ಶುರು.

ನಮ್ಮ ರಾಜ್ಯ ಆ ಕಾಯ್ದೆಯನ್ನು ಒಮ್ಮೆಯೂ ಮುಟ್ಟಲಿಲ್ಲ ಎನ್ನುವಂತಿಲ್ಲ. ಮುಟ್ಟಿದೆ. 2017ರಲ್ಲಿ, ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ವಿನಾಯಿತಿ ಕೊಡಲು. ಆಗ ಸಿದ್ದರಾಮಯ್ಯ ಸರ್ಕಾರ, ಯಡಿಯೂರಪ್ಪನವರ ಪಕ್ಷವೂ ಬೆಂಬಲಿಸಿತು. 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿತು. ಕಂಬಳಕ್ಕಾಗಿ ದೆಹಲಿಯವರೆಗೆ ಹೋಗಲು ಸಾಧ್ಯವಾದ ವಿಧಾನಮಂಡಲಕ್ಕೆ ಅದೇ ಕಾಗದದಲ್ಲಿ ಐವತ್ತು ರೂಪಾಯಿಯನ್ನು ಐದು ಸಾವಿರ ಮಾಡಿ ಎಂದು ಬರೆಯಲು ಏನು ಅಡ್ಡಿಯಿತ್ತು? ಈ ಪ್ರಶ್ನೆ ಎರಡೂ ಪಕ್ಷಗಳಿಗೆ.

ಕರಾವಳಿಯ ಕೋಣ ಸಾಕಣೆದಾರ

ಕಂಬಳದ ಮಾತು ಬಂದಾಗ ಸುಮ್ಮನಿರಲಾಗದು. ನಮ್ಮ ಕೋಣಗಳಿಗೆ ಬೇಸಿಗೆಯಲ್ಲಿ ಫ್ಯಾನು, ಹುರುಳಿ ಬೇಯಿಸಿ ಕೊಡುತ್ತೇವೆ, ಎಣ್ಣೆ ಹಚ್ಚಿ ತಿಕ್ಕುತ್ತೇವೆ, ಈಜಲು ಕೊಳ. 2016ರ ನವೆಂಬರಿನಲ್ಲಿ ಹೈಕೋರ್ಟ್ ತಡೆ ಬಂದಾಗ ನಮ್ಮ ಮನೆಯ ಹಿರಿಯರು ಊಟ ಬಿಟ್ಟಿದ್ದರು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಾಯ್ದೆಯನ್ನು ಎತ್ತಿಹಿಡಿದಾಗ ಕಣ್ಣೀರು ಹಾಕಿದರು.

ಆದರೆ ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ತಂಗಿ. ದಂಡ ಹೆಚ್ಚಿಸಿದ್ದರೆ ನಮ್ಮಲ್ಲಿ ಯಾರೂ ವಿರೋಧಿಸುತ್ತಿರಲಿಲ್ಲ. ಬೆತ್ತ ಬೀಸುವ ಕೆಲವರು ನಮ್ಮ ನಡುವೆಯೂ ಇದ್ದಾರೆ, ಅವರಿಂದಲೇ ಎಲ್ಲರಿಗೂ ಕೆಟ್ಟ ಹೆಸರು.

ರಾಯಚೂರು ಬಯಲು

1965ರ ಒಂದು ಕೇಂದ್ರ ನಿಯಮ ಇದೆ, ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳದ್ದು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಉಷ್ಣಾಂಶ 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ನಮ್ಮ ಏಪ್ರಿಲ್ ತಿಂಗಳಲ್ಲಿ 40 ದಾಟದ ದಿನ ಎಷ್ಟು? ಸಿಮೆಂಟು, ಕಬ್ಬಿಣ ಹೇರಿದ ಗಾಡಿಗಳು ಆ ಬಿಸಿಲಿನಲ್ಲೇ ಹೋಗುತ್ತವೆ. ಗಾಡಿಯವನೂ ಅದೇ ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಡೆಯುತ್ತಾನೆ, ಅವನ ಮೇಲೆ ನನಗೆ ಕೋಪವಿಲ್ಲ. ಇಂಥ ನಿಯಮ ಇದೆ ಎಂದು ಒಬ್ಬ ಶಾಸಕರಾದರೂ ಸದನದಲ್ಲಿ ಎದ್ದು ಹೇಳಲಿ ಎಂಬ ಆಸೆ ನನಗಿದೆ.

ಶಿಕಾರಿಪುರದ ಓದುಗ

ನಾನು ಬಂದದ್ದು ಅವರನ್ನು ಸಮರ್ಥಿಸಲು. ಈಗಲೂ ಉಚಿತ ವಿದ್ಯುತ್ತಿಗೆ, ಕೃಷಿ ಬಜೆಟ್ಟಿಗೆ, ಶೇಕಡ 1ರ ಬಡ್ಡಿಗೆ ನನ್ನ ನಮಸ್ಕಾರವಿದೆ. ಭೂಸುಧಾರಣಾ ತಿದ್ದುಪಡಿಯ ಬಗ್ಗೆಯೂ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಒಂದನ್ನು ಒಪ್ಪುತ್ತೇನೆ. ನಾನು ಹೆಮ್ಮೆಯಿಂದ ಪಟ್ಟಿ ಮಾಡಿದ್ದೆಲ್ಲ ಆದೇಶ, ಬಜೆಟ್, ಯೋಜನೆ. ಕಾಯ್ದೆ ಎಂದು ಬಂದದ್ದು ಭೂಮಿ, ಎಪಿಎಂಸಿ ಅಂದರೆ ಕೃಷಿ ಮಾರುಕಟ್ಟೆ ಸಮಿತಿ, ಗೋಹತ್ಯೆ. ಎಪಿಎಂಸಿ ತಿದ್ದುಪಡಿಯಿಂದ ಸಮಿತಿಯ ಹಿಡಿತ ಪ್ರಾಂಗಣದೊಳಕ್ಕೆ ಸೀಮಿತವಾಯಿತು, ಹೊರಗೆ ವರ್ತಕರು ನೇರವಾಗಿ ಕೊಳ್ಳುವಂತಾಯಿತು. ಅದರ ಬಗ್ಗೆ ಬೇರೆಯೇ ಚರ್ಚೆ ಬೇಕು. ರೈತನಿಗೆ ಕೊಟ್ಟದ್ದನ್ನು ಮುಂದಿನ ಸರ್ಕಾರ ಒಂದು ಸಹಿಯಿಂದ ನಿಲ್ಲಿಸಬಹುದು, ರೈತನಿಂದ ಕೇಳಿದ್ದು ಮಾತ್ರ ಕಾಯ್ದೆಯಾಗಿ ನಿಂತಿತು. ಈ ವ್ಯತ್ಯಾಸ ನನ್ನ ಗಮನಕ್ಕೆ ಬಂದಿರಲಿಲ್ಲ.

ಡೇರಿ ಕಾರ್ಯದರ್ಶಿ

ನಾನು ನಮ್ಮ ಶಾಸಕರಿಗೆ ಒಂದು ಪತ್ರ ಬರೆಯುತ್ತಿದ್ದೇನೆ, ಪಕ್ಷ ಯಾವುದೆಂದು ಹೇಳುವುದಿಲ್ಲ. ಮೂರು ಬೇಡಿಕೆ. ಗೋಮಾಳದ ಸರ್ವೆ ಮಾಡಿಸಿ ಉಳಿದಷ್ಟಕ್ಕಾದರೂ ಬೇಲಿ. ಹೆಣ್ಣು ಕರು ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ನಳಿಕೆ ಎಲ್ಲ ಡೇರಿಗಳಿಗೂ ಕಡಿಮೆ ದರದಲ್ಲಿ, ಬೇಡದ ಗಂಡು ಕರು ಹುಟ್ಟುವುದೇ ಕಡಿಮೆಯಾಗುತ್ತದೆ. ಮೂರನೆಯದು, ದುಡಿಮೆ ಮುಗಿದ ರಾಸನ್ನು ಮನೆಯಲ್ಲೇ ಸಾಕುವ ರೈತನಿಗೆ ತಿಂಗಳಿಗೆ ಇಷ್ಟು ಎಂದು ಮೇವಿನ ಹಣ, ಅದೂ ಕಾಯ್ದೆಯಲ್ಲಿ ಬರೆದು. ಹೆಸರು ಸೇರಿಸಬೇಕೆನ್ನುವವರು ತಿಳಿಸಿ.

ಶೃಂಗೇರಿ ಸೀಮೆ

ನಮ್ಮ ಮನೆಯಿಂದ ಎರಡು ಸಹಿ. ಅತ್ತೆಯವರದು ಹೆಬ್ಬೆಟ್ಟು.

ಹಳ್ಳಿಕಾರ್ ಜೋಡಿ (ಕುಣಿಗಲ್ ಕಡೆ)

ನನ್ನದೂ ಸೇರಿಸಿ. ಡಾಕ್ಟರೇ, ಈ ಗದ್ದಲದ ನಡುವೆ ಒಂದು ಸ್ವಂತ ಪ್ರಶ್ನೆ. ನಮ್ಮ ಎತ್ತು ಹುಲ್ಲನ್ನು ಅಗಿದು ಅಗಿದು ಉಂಡೆ ಮಾಡಿ ಹೊರಗೆ ಉಗುಳುತ್ತದೆ. ದಿನದಿಂದ ದಿನಕ್ಕೆ ಪಕ್ಕೆಲುಬು ಕಾಣುತ್ತಿವೆ. ಏನು ಮಾಡಲಿ?

ನಿವೃತ್ತ ಪಶುವೈದ್ಯ

ದವಡೆ ಹಲ್ಲು ಸವೆದಿದೆ. ಒಂದೊಂದು ಸಲ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತಿರುತ್ತದೆ, ಹತ್ತಿರದ ಪಶು ಆಸ್ಪತ್ರೆಯವರನ್ನು ಕರೆಸಿ ಬಾಯಿ ತೋರಿಸಿ, ಉಜ್ಜಿ ಸರಿಮಾಡಬಹುದು. ಉದ್ದ ಹುಲ್ಲು ಹಾಕುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಮೇವು ಕತ್ತರಿಸುವ ಯಂತ್ರದಲ್ಲಿ ಬೆರಳಿನಷ್ಟುದ್ದ ತುಂಡು ಮಾಡಿ, ಉಪ್ಪು ಬೆಲ್ಲದ ನೀರಿನಲ್ಲಿ ಎರಡು ಗಂಟೆ ನೆನೆಸಿ ಕೊಡಿ. ಬೂಸವನ್ನು ಗಂಜಿಯಂತೆ ಕಲಸಿ. ಎಳೆಯ ಹಸಿ ಹುಲ್ಲು ಸಿಕ್ಕರೆ ಬಹಳ ಒಳ್ಳೆಯದು. ಒಮ್ಮೆಗೇ ಹೆಚ್ಚು ಹಾಕದೆ ನಾಲ್ಕು ಹೊತ್ತು ಹಾಕಿ. ಮಲಗುವ ಕಡೆ ಕಲ್ಲುಚಪ್ಪಡಿ ಇದ್ದರೆ ಹುಲ್ಲು ಹಾಸಿ, ಏಳಲು ಕಾಲಿಗೆ ಹಿಡಿತ ಸಿಗುತ್ತದೆ.

ಹಳ್ಳಿಕಾರ್ ಜೋಡಿ (ಕುಣಿಗಲ್ ಕಡೆ)

ಪಕ್ಕದ ಊರಿನ ಸೊಸೈಟಿಯಲ್ಲಿ ಮೇವು ಕತ್ತರಿಸುವ ಯಂತ್ರ ಇದೆ, ಸಂಜೆ ಗಾಡಿಯಲ್ಲಿ ಹುಲ್ಲು ಒಯ್ದು ಕತ್ತರಿಸಿ ತರುತ್ತೇನೆ. ಕಲ್ಲುಚಪ್ಪಡಿಯೇ ಇದೆ, ಈಗಲೇ ಹುಲ್ಲು ಹಾಸುತ್ತೇನೆ. ನಾಳೆ ಹೇಗೆ ತಿಂದಿತು ಎಂದು ಇಲ್ಲೇ ಬರೆಯುತ್ತೇನೆ.